ಫೇಲ್ ಮಾಸ್ತರರು ನನ್ನ ಮಾವ

ನನ್ನ ಮಾವನವರು ತಮ್ಮ ಆಯುಷ್ಯದಲ್ಲಿ ಯಾರನ್ನೂ ಮೊದಲ ಸಲಕ್ಕೇ ಪಾಸು ಮಾಡಿದವರಲ್ಲ. ಹಾಗೆಂದು ಅವರನ್ನು ಕಟುಕರೆಂದು ತಿಳಿಯಬೇಡಿ. ಇರುವೆಯ ಸಾಲು ಕಂಡರೆ ಲುಂಗಿ ಎತ್ತಿ ದಾಟಿ ಹೋಗುವ ಮನುಷ್ಯ! ಆದರೆ ಎದುರಿಗೆ ಬಂದು ನಿಂತದ್ದು ಲಾರಿಯಾಗಲಿ, ಟಾಂಗಾ ಆಗಲಿ, ಮಗಳನ್ನು ನೋಡಲು ಬಂದ ವರನೇ ಆಗಲಿ, ಅದರ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ, ‘ಊಹೂಂ’ ಎಂದು ತಲೆಯಾಡಿಸುವುದು ಅವರ ಹುಟ್ಟುಗುಣ. ನನ್ನನ್ನೂ ಒಮ್ಮೆ ಫೇಲು ಮಾಡಿದ್ದಾರೆ. ಆಮೇಲೆ ಮಗಳನ್ನು ಕೊಟ್ಟರು, ಅದು ಬೇರೆ ಮಾತು.

ಮೊದಲು ಅವರ ಉದ್ಯೋಗ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ಮೋಟಾರು ರಿಪೇರಿ ಕಲಿಸುವ ತರಬೇತಿ ಕೇಂದ್ರವೊಂದರಲ್ಲಿ ಅವರು ಮಾಸ್ತರರು. ವರ್ಷಕ್ಕೊಮ್ಮೆ ಅಲ್ಲಿ ಮೆಕ್ಯಾನಿಕ್ಕುಗಳಿಗೆ ಪರೀಕ್ಷೆ ನಡೆಯುತ್ತಿತ್ತು. ಗ್ಯಾರೇಜಿನಲ್ಲಿ ಹೊಡೆತ ತಿಂದು ಕೆಲಸ ಕಲಿತವರೂ ಬಂದು ಕೂಡಬಹುದಿತ್ತು, ಪಾಸಾದವರಿಗೆ ಸರ್ಟಿಫಿಕೇಟು. ಎಂಜಿನ್ನಿಗೆ ಒಬ್ಬ ಪರೀಕ್ಷಕರು, ಬ್ರೇಕಿಗೆ ಇನ್ನೊಬ್ಬರು, ಸ್ಟೇರಿಂಗಿಗೂ ಪಾಟಾಗಳಿಗೂ ನಮ್ಮ ಮಾವ. ಪಾಟಾ ಅಂದರೆ ಗಾಡಿಯ ಹೊಟ್ಟೆಯ ಕೆಳಗೆ ಬಿಲ್ಲಿನಂತೆ ಬಾಗಿಕೊಂಡು, ರಸ್ತೆಯ ಹೊಡೆತವನ್ನೆಲ್ಲ ತಾನು ತಿಂದು ನಮ್ಮ ಬೆನ್ನು ಕಾಯುವ ಉಕ್ಕಿನ ಪಟ್ಟಿ. ಎಂಜಿನ್ನಿನ ಪರೀಕ್ಷೆಯಲ್ಲಿ ಹತ್ತರಲ್ಲಿ ಎಂಟು ಜನ ಪಾಸಾದರೆ, ಮಾವನವರ ಪರೀಕ್ಷೆಯಲ್ಲಿ ಎಂಟು ಜನ ಫೇಲಾಗುತ್ತಿದ್ದರು. ಇನ್ನಿಬ್ಬರು ಹೆದರಿ ಬಂದೇ ಇರುತ್ತಿರಲಿಲ್ಲ! ಊರಿನ ಗ್ಯಾರೇಜುಗಳಲ್ಲೆಲ್ಲ ಅವರಿಗೆ ‘ಫೇಲ್ ಮಾಸ್ತರ’ ಎಂದೇ ಹೆಸರು.

“ಯಾಕ್ರೀ ಇಷ್ಟು ಬಿಗಿ?” ಎಂದು ಯಾರಾದರೂ ಕೇಳಿದರೆ ಅವರದೊಂದೇ ಉತ್ತರ:

“ಎಂಜಿನ್ ಕೆಟ್ಟರ ಗಾಡಿ ನಿಲ್ತದ. ಸ್ಟೇರಿಂಗ್ ಕೆಟ್ಟರ ನಿಲ್ಲಂಗಿಲ್ಲ, ಅದಕ್ಕ!”

ನಾನು ಮಾನವಿಯವನು. ಕನ್ಯೆ ನೋಡಲು ಅಪ್ಪ, ಅವ್ವನ ಜೊತೆ ರಾಯಚೂರಿಗೆ ಬಂದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದೆ. ಮಾವನವರು ಅಂಗಿಯ ಕಡೆ ನೋಡಲೇ ಇಲ್ಲ. ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಎತ್ತಿಕೊಂಡು ಒಳಗೆ ಬಂದರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಹೊರಗಿನ ಅಂಚು ಸವದದ. ಎಡಕ್ಕ ಎಳೀತದೇನ್ರಿ?”

“ಯಾವುದ್ರಿ?” ಎಂದೆ.

“ನೀವು!”

ಆಮೇಲೆ ನನ್ನನ್ನು ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದರು. ತಾವು ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ನನ್ನನ್ನು ಕನ್ಯೆ ನೋಡಬೇಕಾದ ಹೊತ್ತಿನಲ್ಲಿ ಇಡೀ ಓಣಿ ನೋಡಿತು! ನಮ್ಮವ್ವನಿಗೆ ಮೈಯೆಲ್ಲ ಉರಿ. “ನನ್ನ ಮಗ ಏನು ಲಾರಿ ಅಂತ ತಿಳಿದೀರೇನ್ರಿ?” ಎಂದಳು.

“ಲಾರಿ ಆಗಿದ್ರ ಇಷ್ಟು ಚಿಂತಿ ಇರಲಿಲ್ರಿ ಯವ್ವಾ. ವಾಪಸ್ ಮಾಡಬಹುದಿತ್ತು” ಎಂದರು ಮಾವ.

ಸಂಬಂಧ ಮುರಿದುಬಿತ್ತೆಂದುಕೊಂಡೇ ಎಲ್ಲರೂ ಮಾನವಿಗೆ ಮರಳಿದೆವು. ಕೆಲವು ದಿನಗಳ ನಂತರ ಒಬ್ಬರ ಕೈಲಿ ಸುದ್ದಿ ಬಂತು: “ಹುಡುಗನ ಬಾಡಿ ಗಟ್ಟಿ ಅದ. ನಡಿಗಿ ಒಂಚೂರು ತಿದ್ದಬೇಕು. ಮಗಳು ತಿದ್ದಿಕೋತಾಳಂತ.” ಆಕೆ ಇವತ್ತಿಗೂ ತಿದ್ದುತ್ತಲೇ ಇದ್ದಾಳೆ!

ಮದುವೆಯಾದ ಮೇಲೆ ನನಗೆ ಅದೇ ತರಬೇತಿ ಕೇಂದ್ರದ ಆಫೀಸಿಗೆ ವರ್ಗವಾಯಿತು. ಗುಮಾಸ್ತನ ಕೆಲಸ, ಬಿಡಾರ ಮಾವನವರ ಮನೆಯಲ್ಲೇ. ಮನೆಯಲ್ಲೂ ಮಾವ, ಆಫೀಸಿನಲ್ಲೂ ಮಾವ! ಇಂಥ ಭಾಗ್ಯ ಎಷ್ಟು ಅಳಿಯಂದಿರಿಗೆ ಸಿಕ್ಕೀತು?

ಅವರ ಜೊತೆ ಪ್ರಯಾಣ ಮಾಡುವುದೆಂದರೆ ನಮಗೆಲ್ಲ ಶಿಕ್ಷೆ. ಒಮ್ಮೆ ನೆಂಟರ ಮದುವೆಗೆಂದು ಬಾಗಲವಾಡಕ್ಕೆ ಬಾಡಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಬೀಗರು, ಭಾಜಂತ್ರಿ, ಬುಟ್ಟಿ, ಬುತ್ತಿ, ಎಲ್ಲ ತುಂಬಿ ಬಸ್ಸು ಉಬ್ಬಿತ್ತು. ಮಾವನವರು ಡ್ರೈವರನ ಹೆಗಲ ಮೇಲೆ ಗದ್ದ ಇಡುವಷ್ಟು ಹತ್ತಿರ ನಿಂತು ಅವನ ಕೈಗಳನ್ನೇ ನೋಡುತ್ತಿದ್ದರು.

“ಸ್ಟೇರಿಂಗಿನಾಗ ಆಟ ಭಾಳ ಅದ ತಮ್ಮಾ.”

ಡ್ರೈವರ್ ತಿರುಗಿಯೂ ನೋಡದೆ, “ಆಟ ಆಡಾಕ ನಾನೇನು ಕೂಸು ಅದೀನೇನ್ರಿ ಯಜಮಾನ್ರ?” ಎಂದ.

“ಆ ಆಟ ಅಲ್ಲೋ! ಚಕ್ರ ತಿರುವಿದ್ರ ಗಾಲಿ ತಿರುಗಾಕ ಎಷ್ಟು ಹೊತ್ತು ಹಿಡಿತದ ನೋಡು. ನಿಲ್ಸು, ನಿಲ್ಸು!”

ಕುರ್ಡಿ ದಾರಿಯಲ್ಲಿ ಬಸ್ಸು ನಿಂತಿತು. ಮಾವ ಇಳಿದು, ರೇಷ್ಮೆ ಅಂಚಿನ ಧೋತರ ಕಚ್ಚೆ ಕಟ್ಟಿಕೊಂಡು ಬಸ್ಸಿನ ಕೆಳಗೆ ತೂರಿದರು. ಒಳಗೆ ಸೆಕೆ, ಕೂಸುಗಳ ಅಳು, ಬೀಗಿತ್ತಿಯ ಗೊಣಗಾಟ. ಕೆಳಗಿನಿಂದ ಠಣ್ ಠಣ್ ಸದ್ದು. ಕೊನೆಗೆ ಅವರು ಹೊರಗೆ ಬಂದು, “ಈಗ ಹೋಗಬಹುದು. ಆದ್ರ ಮೆಲ್ಲಕ ಹೋಗಬೇಕು” ಎಂದು ಅಪ್ಪಣೆ ಕೊಟ್ಟರು. ಎತ್ತಿನ ಬಂಡಿಗಳು ನಮ್ಮನ್ನು ದಾಟಿ ಹೋದವು! ನಾವು ಮುಟ್ಟಿದಾಗ ಅಕ್ಕಿಕಾಳು ಬಿದ್ದು, ಊಟದ ಎರಡನೆಯ ಪಂಕ್ತಿ ಎದ್ದಿತ್ತು. ಅಲ್ಲಿಂದ ಮುಂದೆ ನೆಂಟರಿಷ್ಟರು ಒಂದು ಒಪ್ಪಂದಕ್ಕೆ ಬಂದರು. ಮದುವೆಯ ದಿನ ಮಾವನವರಿಗೆ ತಿಳಿಸುವುದು, ದಿಬ್ಬಣ ಹೊರಡುವ ಹೊತ್ತು ಮಾತ್ರ ತಿಳಿಸದಿರುವುದು!

ನನ್ನ ಮಗಳ ತೊಟ್ಟಿಲ ಶಾಸ್ತ್ರದಲ್ಲೂ ಇದೇ ಕಥೆ. ಹೆಂಗಸರು ಹಾಡು ಶುರು ಮಾಡುವ ಮುಂಚೆ ಮಾವ ಬಂದು ತೊಟ್ಟಿಲನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಅದು ಕುಣಿಯಿತು. “ಇಷ್ಟು ಕುಣೀಬಾರದು. ಕೂಸಿನ ಕತ್ತು ಉಳಕ್ತದ” ಎಂದು ಹಗ್ಗಗಳನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಕೂಸಿಗೆ ಹೆಸರಿಡುವ ಹೊತ್ತಿಗೆ ಕೂಸು ನಿದ್ದೆ ಹೋಗಿತ್ತು. ನಾವೂ!

ಇನ್ನು ಮೆಹಬೂಬನ ವಿಷಯ ಹೇಳಬೇಕು. ಮಾವನವರನ್ನು ನೆನೆದಾಗ ನನಗೆ ಮೊದಲು ಕಣ್ಣ ಮುಂದೆ ಬರುವವನು ಅವನೇ.

ಮೆಹಬೂಬ ದೇವದುರ್ಗದವನು. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ತಗಡಿನ ಶೆಡ್ಡು. ತುಂಡಾದ ಪಾಟಾ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಆದರೆ ದೇವದುರ್ಗದಲ್ಲಿ ಆಗ ಗಾಡಿಗಳೇ ಎಷ್ಟಿದ್ದವು? ಹೀಗಾಗಿ ವರ್ಷದ ಅರ್ಧ ಊರಲ್ಲಿ, ಅರ್ಧ ಹೈದರಾಬಾದಿನ ಯಾವುದೋ ಗ್ಯಾರೇಜಿನಲ್ಲಿ. ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಊರಲ್ಲೇ. ಕಾಲುವೆ ಕೆಲಸಕ್ಕೆ ಬಂದ ಟ್ರಕ್ಕುಗಳಿಗಾಗಿ ದೇವದುರ್ಗದ ಹತ್ತಿರವೇ ಒಂದು ವರ್ಕ್‌ಶಾಪು ತೆರೆಯುವ ಸುದ್ದಿ ಬಂದಾಗ ಅವನಿಗೆ ಆಸೆ ಹುಟ್ಟಿತು. ಅಲ್ಲಿ ಕೆಲಸ ಸಿಕ್ಕರೆ ಮನೆ ಬಿಟ್ಟು ಹೋಗುವುದು ತಪ್ಪುತ್ತದೆ. ಆದರೆ ಸರ್ಟಿಫಿಕೇಟು ಬೇಕು.

ಪರೀಕ್ಷೆಗೆ ಬಂದ. ಕೇಂದ್ರದ ಅಂಗಳದಲ್ಲಿದ್ದ ಹಳೆಯ ಜೀಪಿನ ಮುಂದಿನ ಗಾಲಿ, ಸ್ಟೇರಿಂಗಿನ ರಾಡು ಎಲ್ಲ ಬಿಚ್ಚಿ, ತೊಳೆದು, ಗ್ರೀಸು ತುಂಬಿ, ಎಲ್ಲರಿಗಿಂತ ಮೊದಲು ಜೋಡಿಸಿ ಎದ್ದು ನಿಂತ. ನಾನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ. ಮಾವ ಬಗ್ಗಿ ನೋಡಿ ತಲೆಯಾಡಿಸಿದರು.

“ಪಿನ್ನು ಎಲ್ಲಿ?”

ರಾಡು ಗಾಲಿಗೆ ಸೇರುವಲ್ಲಿ ಒಂದು ನಟ್ಟಿರುತ್ತದೆ. ಅದು ಸಡಿಲಾಗಿ ಕಳಚದಂತೆ ಅಡ್ಡಲಾಗಿ ತೂರಿಸಿ, ತುದಿಗಳನ್ನು ಬಾಗಿಸುವ ಒಂದು ತಂತಿಯ ಪಿನ್ನು ಇರುತ್ತದೆ. ಕಿವಿಯಲ್ಲಿ ತುರಿಸಿಕೊಳ್ಳುವ ಕಡ್ಡಿಯಷ್ಟು ಸಣ್ಣದು. ಮೆಹಬೂಬ ನಕ್ಕ.

“ಸಾಬ್, ನನ್ನ ಕೈ ಬಿಗಿ ಮಾಡಿದ್ ನಟ್ಟು ಅದು. ನಾನೇ ಬಿಚ್ಚಬೇಕ್. ಬೇರೆ ಯಾರ ಬಾಪ್‌ಗೂ ಆಗಂಗಿಲ್ಲ.”

“ರಸ್ತಾ ಬಿಚ್ಚತದ. ಫೇಲು.”

ಮರುವರ್ಷ ಮತ್ತೆ ಬಂದ. ಈ ಸಲ ಪಿನ್ನು ತೂರಿಸಿದ್ದ. ಮಾವ ಬಗ್ಗಿದರು.

“ತುದಿ ಯಾಕ ಬಾಗಿಸಿಲ್ಲ?”

“ಬಾಗಿಸ್ತಿದ್ದೆ ಸಾಬ್, ನೀವು ಬಂದ್ಬಿಟ್ರಿ...”

“ಗಾಡಿ ಮಾಲಕನೂ ಹಿಂಗ ಅವಸರದಾಗ ಬರ್ತಾನ. ಫೇಲು.”

ಆ ದಿನ ಮೆಹಬೂಬ ಆಫೀಸಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದ. ನಾನು ನೀರು ಕೊಟ್ಟೆ. “ದೊಡ್ಡ ಮಗಳು ನನ್ನ ನೋಡಿ ಬಾಗಲ ಹಿಂದ ಅಡಗ್ತಾಳ್ರಿ ಭಾಯಿ. ಹೈದರಾಬಾದಿಂದ ಬಂದ್ ಮೊದಲ ನಾಕ್ ದಿನ ಗುರ್ತಾ ಹಿಡಿಯಂಗಿಲ್ಲ” ಎಂದ. ಮನೆಗೆ ಹೋದವನೇ ನಾನು ಮಾವನವರ ಮೇಲೆ ಹರಿಹಾಯ್ದೆ. ಅಳಿಯ ಮಾವನ ಮುಂದೆ ದನಿ ಎತ್ತಿದ್ದು ಅದೇ ಮೊದಲು.

“ಒಂದು ಕಡ್ಡಿ ಪಿನ್ನಿಗಾಗಿ ಅವನ ಸಂಸಾರ ಹಾಳು ಮಾಡ್ತೀರೇನ್ರಿ ಮಾವಾ?”

ಊಟಕ್ಕೆ ಕೂತಿದ್ದ ಅವರು ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದರು.

ಅದಾದ ಮುಂದಿನ ಭಾನುವಾರದಿಂದ ಮನೆಯಲ್ಲಿ ಒಂದು ಚೋದ್ಯ ಶುರುವಾಯಿತು. ಮಾವನವರು ಬೆಳಿಗ್ಗೆಯೇ ಎದ್ದು, “ದೇವದುರ್ಗದ ಕಡೆ ಹೋಗ್ತೀನಿ. ಕೃಷ್ಣಾ ಹೊಳಿ ಸ್ನಾನ ಮಾಡಬೇಕು” ಎಂದು ಹೊರಟರು. ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ದೇವರ ಮನೆಗೆ ಕಾಲಿಡದ ಗಂಡ ಹೊಳೆ ಸ್ನಾನಕ್ಕೆ ಹೊರಟಿದ್ದಾನೆ! ಮೊದಲ ವಾರ ಅವರಿಗೆ ಸಂತೋಷವೇ ಆಯಿತು. ಎರಡನೆಯ ವಾರ ಧೋತರ ಒಗೆಯುವಾಗ ಅನುಮಾನ ಬಂತು.

“ಏನ್ರಿ, ಕೃಷ್ಣಾ ಹೊಳ್ಯಾಗ ಈಗ ಗ್ರೀಸು ಹರಿಯಾಕತ್ತದೇನು?”

“ಮಳಿಗಾಲ. ಹೊಳಿ ನೀರು ರಾಡಿ ಇರ್ತದ” ಎಂದು ಮಾವ ಜಾರಿಕೊಂಡರು.

ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು ಗುಟ್ಟಾಗಿ ಅಪ್ಪಣೆ ಮಾಡಿದರು: “ಅಳಿಯಂದಿರ, ಈ ವಾರ ಹಿಂದ ಹೋಗಿ ನೋಡಿ ಬರ್ರಿ. ಈ ವಯಸ್ಸಿನಾಗ ಏನು ಹಚ್ಯಾರ ಅಂಬೋದು ನನಗ ತಿಳೀಬೇಕು.”

ಹೀಗೆ ನಾನು ಪತ್ತೇದಾರನಾದೆ! ಮಾವ ಹೋದ ಬಸ್ಸಿನ ಹಿಂದಿನ ಬಸ್ಸು ಹಿಡಿದು ದೇವದುರ್ಗದಲ್ಲಿ ಇಳಿದೆ. ಹೊಳೆಯ ದಾರಿ ಕೇಳಬೇಕೆನ್ನುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನಿಂದ ಗುರುತಿನ ದನಿಯೊಂದು ಕೇಳಿಸಿತು. ಹೋಗಿ ನೋಡಿದರೆ ಮೆಹಬೂಬನ ಶೆಡ್ಡಿನ ಮುಂದೆ ಒಂದು ಲಾರಿ. ಅದರ ಕೆಳಗಿನಿಂದ ನಾಲ್ಕು ಕಾಲುಗಳು ಹೊರಗೆ ಚಾಚಿದ್ದವು. ಅದರಲ್ಲಿ ಎರಡು ನನಗೆ ಚೆನ್ನಾಗಿ ಪರಿಚಯ. ಹಬ್ಬಹಬ್ಬಕ್ಕೂ ನಾನು ನಮಸ್ಕಾರ ಮಾಡುವ ಕಾಲುಗಳು!

“ಹಾಕು.”

“ಹಾಕ್ದೆ ಸಾಬ್.”

“ತುದಿ ಬಾಗಿಸು. ಈಗ ತಗಿ.”

“ಈಗೇ ಹಾಕೀನಲ್ಲ ಸಾಬ್!”

“ತಗಿ ಅಂದೆ. ಒಗಿ ಅದನ್ನ. ಒಮ್ಮಿ ಬಾಗಿದ ಪಿನ್ನು ನೆಟ್ಟಗ ಮಾಡಿ ಮತ್ತ ಹಾಕಬಾರದು. ಮುರೀತದ. ಹೊಸಾದು ತಗೋ.”

“ಕ್ಯಾ ಸಾಬ್, ಒಂದ್ ಪಿನ್ನಿಗೆ ಜಾನ್ ತಿಂತೀರಿ!”

“ಮೆಹಬೂಬ, ನಟ್ಟು ಬಿಗಿ ಮಾಡೋದು ಕೈ ಕೆಲಸ. ಅದು ನಿನಗ ಬರ್ತದ. ಪಿನ್ನು ಹಾಕೋದು ಮನಸಿನ ಕೆಲಸ. ಅದು ಕಲಿ.”

ಹೊರಗೆ ತೆವಳಿ ಬಂದ ಮಾವ ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದ ಹುಡುಗನಂತೆ ನಿಂತರು. ಮೆಹಬೂಬನ ಹೆಂಡತಿ ಬಾಗಿಲ ಮರೆಯಿಂದ ಚಹಾ ಕಳಿಸಿದರು. ನಾನು ಕುಡಿದೆ. ಮಾವ ಮುಟ್ಟಲಿಲ್ಲ. “ಪರೀಕ್ಷಾ ಮುಗಿಯೋ ತನಕ ಈ ಮನಿ ಚಹಾ ನನಗ ಬ್ಯಾಡ” ಎಂದು ತಮ್ಮ ಬುತ್ತಿಯ ರೊಟ್ಟಿಯನ್ನೇ ಬಿಚ್ಚಿದರು.

ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. “ಯಾರಿಗೂ ಹೇಳಬ್ಯಾಡ್ರಿ. ಪರೀಕ್ಷಾ ಮಾಡಾವನೇ ಪಾಠ ಹೇಳ್ತಾನ ಅಂದ್ರ ಜನ ಏನಂತಾರ?”

“ಮತ್ತ ಯಾಕ ಹೇಳಾಕತ್ತೀರಿ?”

ಅವರು ಕೈಗೆ ಹತ್ತಿದ ಗ್ರೀಸನ್ನು ಬೇವಿನ ಎಲೆಯಿಂದ ಒರೆಸಿಕೊಂಡರು. “ನೀವು ಅಂದಿದ್ದು ಖರೆ ಅನಸ್ತು. ಫೇಲು ಮಾಡಿ ಮನಿಗೆ ಹೋಗಿ ರೊಟ್ಟಿ ತಿಂದ್ರ ನನ್ನ ಕೆಲಸ ಮುಗೀತೇನು?”

ಅತ್ತೆಗೆ ಏನು ಹೇಳಲಿ ಎಂದು ಕೇಳಿದೆ. “ಹೊಳ್ಯಾಗ ಮುಳುಗಿದ್ದು ನೋಡಿದೆ ಅಂತ ಹೇಳ್ರಿ.” ಮನೆಗೆ ಬಂದು ಹಾಗೆಯೇ ಹೇಳಿದೆ. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಕರಿಯ ಕೈಯ ಅಚ್ಚು ಮೂಡಿತ್ತು!

“ನೀವೂ ಒಂದು ಮುಳುಗು ಹಾಕಿದ್ರೇನ್ರಿ ಅಳಿಯಂದಿರ?”

ಮುಚ್ಚಿಟ್ಟು ಏನು ಪ್ರಯೋಜನ? ಎಲ್ಲ ಹೇಳಿಬಿಟ್ಟೆ. ಮುಂದಿನ ಭಾನುವಾರ ಬುತ್ತಿಯ ಗಂಟು ದೊಡ್ಡದಾಗಿತ್ತು. “ಇಷ್ಟ್ಯಾಕ?” ಎಂದು ಮಾವ ಕೇಳಿದರೆ, “ಹೊಳ್ಯಾಗ ಮೀನ ಇರ್ತಾವಲ್ಲ, ಅವಕ್ಕೂ ಹಸಿವಿ ಆಗ್ತದ. ಎರಡು ಸಣ್ಣ ಮೀನ ಅದಾವಂತಲ್ಲ, ಅವಕ್ಕ ಬ್ಯಾರೆ ಕಟ್ಟೀನಿ” ಎಂದರು. ಶೇಂಗಾ ಹೋಳಿಗೆಯ ವಾಸನೆ ಪಡಸಾಲೆಯವರೆಗೂ ಬರುತ್ತಿತ್ತು. ಮಾವ ನನ್ನ ಕಡೆ ಕೆಂಗಣ್ಣು ಬಿಟ್ಟು ಗಂಟು ಎತ್ತಿಕೊಂಡು ಹೊರಟರು.

ಮೂರನೆಯ ಪರೀಕ್ಷೆಯ ದಿನ ಬಂತು. ಈ ಸಲ ತಪ್ಪಿದರೆ ವರ್ಕ್‌ಶಾಪಿನ ಜಾಗ ಬೇರೆಯವರ ಪಾಲು. ನಾನು ಆಫೀಸಿಗೆ ಬೀಗ ಹಾಕಿ ಅಂಗಳಕ್ಕೇ ಬಂದು ನಿಂತೆ. ಮೆಹಬೂಬ ಯಾವತ್ತಿನಂತೆ ಸರಸರ ಕೆಲಸ ಮಾಡಿದ. ರಾಡು ಕೂಡಿಸಿದ, ನಟ್ಟು ಬಿಗಿದ. ಆಮೇಲೆ ಪಿನ್ನಿಗಾಗಿ ತಟ್ಟೆಗೆ ಕೈಹಾಕಿದ. ತಟ್ಟೆಯಲ್ಲಿದ್ದದ್ದು ಒಂದೇ ಪಿನ್ನು. ಹಳೆಯದು, ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ್ದು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ ದೂರ ಒಗೆದ.

“ಹೊಸಾ ಪಿನ್ನು ಕೊಡ್ರಿ” ಎಂದು ಸ್ಟೋರ್‌ಕೀಪರನನ್ನು ಕೇಳಿದ.

“ಸ್ಟೋರಿನಾಗ ಒಂದೂ ಇಲ್ರಿ. ನಿನ್ನೆ ಇದ್ದವು, ಇವತ್ತು ಡಬ್ಬಿ ಖಾಲಿ ಅದ.”

“ಹೊತ್ತಾಗಾಕತ್ತದ” ಎಂದರು ಮಾವ, ಗಡಿಯಾರ ನೋಡುತ್ತ. “ಕೆಲಸ ಮುಗಿಸಿದ್ರ ಪಾಸು, ಅರ್ಧಕ್ಕ ಬಿಟ್ಟರ ಫೇಲು. ಎಲ್ಲರಿಗೂ ಗೊತ್ತದಲ್ಲ?”

ಉಳಿದ ಮೆಕ್ಯಾನಿಕ್ಕುಗಳು, “ಏ ಮೆಹಬೂಬ, ಒಗ್ದಿದ್ದನ್ನೇ ಹಾಕಲೇ! ಜೀಪು ಎಲ್ಲಿ ಓಡಬೇಕಾಗ್ಯದ? ಅಂಗಳದಾಗೇ ನಿಂದ್ರತದ!” ಎಂದು ಕೂಗಿದರು. ನನಗೂ ಹಾಗೇ ಕೂಗಬೇಕೆನಿಸಿತು. ಮೆಹಬೂಬ ಒಗೆದ ಪಿನ್ನಿನ ಕಡೆ ನೋಡಿದ. ಆಮೇಲೆ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು, ಜೀಪಿನ ಮುಂದೆ ನೆಲದ ಮೇಲೆ ಕೂತುಬಿಟ್ಟ.

“ಆಗಂಗಿಲ್ಲ ಸಾಬ್. ಪಿನ್ನಿಲ್ದ ಈ ಗಾಡಿ ನಾ ಬಿಡಂಗಿಲ್ಲ. ಫೇಲ್ ಮಾಡ್ರಿ.”

ಮಾವ ಮೆಲ್ಲಗೆ ನಡೆದು ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತರು. ತಮ್ಮ ಅಂಗಿಯ ಜೇಬಿಗೆ ಕೈಹಾಕಿ ಒಂದು ಹಿಡಿ ಹೊಸ ಪಿನ್ನುಗಳನ್ನು ತೆಗೆದು ಅವನ ಅಂಗೈಗೆ ಸುರಿದರು. ಸ್ಟೋರ್‌ಕೀಪರ್ ಬಾಯಿ ತೆರೆದವನು ಮುಚ್ಚಲೇ ಇಲ್ಲ!

“ಹಾಕು. ತುದಿ ಬಾಗಿಸು. ಆಮ್ಯಾಲೆ ಹೋಗಿ ಎರಡು ಚಹಾ ಹೇಳು. ಪಾಸು.”

ಮೆಹಬೂಬನಿಗೆ ಕೆಲಸ ಸಿಕ್ಕಿತು. ಹೈದರಾಬಾದಿಗೆ ಹೋಗುವುದು ನಿಂತಿತು. ಕಥೆ ಇಲ್ಲಿಗೆ ಮುಗಿಯಬೇಕಲ್ಲವೇ? ಆದರೆ ಮುಂದಿನ ಭಾನುವಾರ ಬಂತು ನೋಡಿ! ಮಾವನವರು ಎಂದಿನಂತೆ ಬೇಗ ಎದ್ದು ಮಿಂದು, ಒಗೆದ ಧೋತರ ಉಟ್ಟರು. ಉಟ್ಟ ಮೇಲೆ ಹೋಗಲು ಎಲ್ಲಿಯೂ ಇಲ್ಲವೆಂಬುದು ಅವರಿಗೆ ಹೊಳೆಯಿತು. ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟರು. ಹೊರಸಿನ ಹುರಿ ಬಿಗಿದರು. ನೆರೆಮನೆಯ ಸೈಕಲ್ಲನ್ನು ಫೇಲು ಮಾಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ಸುಮ್ಮನೆ ಕೂತರು. ಅದರ ಮುಂದಿನ ಭಾನುವಾರವೂ ಹಾಗೇ.

“ಹೋಗಿ ಬರಬಾರದೇನ್ರಿ ಮಾವಾ?” ಎಂದೆ.

“ಪಾಸಾದವನ ಮನಿಗೆ ಮಾಸ್ತರ ಯಾಕ ಹೋಗಬೇಕು? ಅವಗ ಈಗ ಏನು ಹೇಳಿಕೊಡಲಿ?” ಎಂದರು. ಗಂಡುಮಕ್ಕಳಿಲ್ಲದ ಮನೆ ಅದು. ಆ ದನಿ ನಾನು ಅವರಲ್ಲಿ ಮೊದಲು ಕೇಳಿರಲಿಲ್ಲ.

ಮೂರನೆಯ ವಾರ ಅತ್ತೆ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟುಕೊಂಡು, ಕೈಯಲ್ಲಿ ಗಂಟು ಹಿಡಿದು ಹೊರಗೆ ಬಂದರು. “ನಡೀರಿ. ಮೆಹಬೂಬನ ಹೆಂಡತಿ ಊಟಕ್ಕ ಕರದಾಳಂತ. ಮಾಸ್ತರ್ಗಲ್ಲ, ನನಗ. ನೀವು ದಾರಿ ತೋರಸಾಕ ಬರ್ರಿ.”

ನಾನು ಅವರನ್ನು ಬಸ್ ಹತ್ತಿಸಲು ಹೋದೆ. ಅತ್ತೆ ಹಿಂದಿನ ಬಾಗಿಲಿನ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿದ್ದರು. ಮಾವ ಅವರ ಕೈಯ ಗಂಟು ಇಸಕೊಂಡು, “ಅಲ್ಲಿ ಬ್ಯಾಡ, ಏಳು” ಎಂದು ನಡುವಿನ ಒಂದು ಸೀಟಿಗೆ ಕರೆದುಕೊಂಡು ಹೋದರು.

“ಯಾಕ್ರೀ? ಅಲ್ಲಿ ಗಾಳಿ ಬರತಿತ್ತು.”

“ಅದು ಹಿಂದಿನ ಗಾಲಿ ಮ್ಯಾಲಿನ ಸೀಟು. ಎಲ್ಲಾ ಕುಲುಕು ಅಲ್ಲೇ ಬರ್ತದ. ಎರಡೂ ಗಾಲಿ ನಡುವ ಕೂತ್ರ ಸೊಂಟಕ್ಕ ಹತ್ತಂಗಿಲ್ಲ. ನಿನಗ ಸೊಂಟ ನೋವು ಅದಲ್ಲ.”

ಅತ್ತೆ ಅವರ ಮುಖವನ್ನೇ ನೋಡಿದರು. “ಇಷ್ಟು ವರ್ಷ ತವರುಮನಿಗೆ ಹಿಂದಿನ ಸೀಟಿನ್ಯಾಗೇ ಹೋಗಿ ಬಂದೆ. ಆವಾಗ ಯಾಕ ಹೇಳಲಿಲ್ರಿ?”

ಕಿಟಕಿಯ ಹೊರಗೆ ನಿಂತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಮಾವ ಮೇಲಿನ ಸರಳು ಹಿಡಿದು ನಿಂತೇ ಇದ್ದರು. ಕಂಡಕ್ಟರ್ ಬಸ್ಸು ಹೊರಡುವ ಸೀಟಿ ಊದಿದ.

“ಆವಾಗ ನಾನು ಬರೀ ಗಾಡಿ ನೋಡತಿದ್ದೆ” ಎಂದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ ಅತ್ತೆಯ ಬೆನ್ನ ಹಿಂದೆ ಇಟ್ಟು, ಪಕ್ಕದಲ್ಲಿ ಕೂತರು.